ಕಾರ್ಪೊರೇಟರ್ ಇಲ್ಲದ ಊರು

ನಾನಿರೋದು ನೋಯ್ಡಾದಲ್ಲಿ. ನಮಗೆ ಎಂ.ಪಿ. ಇದ್ದಾರೆ, ಎಂ.ಎಲ್.ಎ. ಇದ್ದಾರೆ; ಕಾರ್ಪೊರೇಟರ್ ಮಾತ್ರ ಇಲ್ಲ. ಯಾಕಂದ್ರೆ ಇಲ್ಲಿ ನಗರಪಾಲಿಕೆಯೇ ಇಲ್ಲ. ರಸ್ತೆ, ಚರಂಡಿ, ಪಾರ್ಕು ಎಲ್ಲವನ್ನೂ ನೋಡಿಕೊಳ್ಳೋದು 1976ರಲ್ಲಿ ಶುರುವಾದ ನೋಯ್ಡಾ ಪ್ರಾಧಿಕಾರ. ಅದನ್ನು ನಡೆಸೋರು ಉತ್ತರ ಪ್ರದೇಶ ಸರ್ಕಾರ ನೇಮಿಸಿದ ಅಧಿಕಾರಿಗಳು.

ಇದಕ್ಕೆ ಕಾನೂನಿನಲ್ಲೇ ದಾರಿ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ನಗರಗಳಿಗೆ ಚುನಾಯಿತ ಸ್ಥಳೀಯ ಸಂಸ್ಥೆ ಬೇಕು ಅಂತು. ಜೊತೆಗೇ 243ಕ್ಯೂ ವಿಧಿಯಲ್ಲಿ ಕೈಗಾರಿಕಾ ಪಟ್ಟಣಗಳಿಗೆ ವಿನಾಯಿತಿಗೂ ಅವಕಾಶ ಕೊಡ್ತು. ಪಕ್ಕದ ದೆಹಲಿಯಲ್ಲಿ 2022ರ ಡಿಸೆಂಬರ್‌ನಲ್ಲಿ 250 ವಾರ್ಡ್‌ಗಳಿಗೆ ಚುನಾವಣೆ ನಡೀತು. ನಾವು ಟಿವಿಯಲ್ಲಿ ನೋಡಿದ್ವಿ, ಅಷ್ಟೇ.

‘ದೂರು ಕೊಡೋಕೆ ಆ್ಯಪ್ ಇದ್ರೆ ಸಾಲದಾ?’ ಅಂತ ಗೆಳೆಯರು ಕೇಳ್ತಾರೆ. ಸಾಫ್ಟ್‌ವೇರ್ ಬರೆಯೋನಾಗಿ ಹೇಳ್ತೀನಿ, ಸಾಲದು. ಗುಂಡಿ ಎಲ್ಲಿದೆ ಅಂತ ಆ್ಯಪ್ ಹೇಳತ್ತೆ. ಈ ವರ್ಷದ ದುಡ್ಡು ಪಾರ್ಕಿಗಾ, ಚರಂಡಿಗಾ ಅಂತ ನಮ್ಮನ್ನ ಕೇಳಲ್ಲ.

ಬೆಂಗಳೂರಿನೋರು ನಗಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಸದಸ್ಯರ ಅವಧಿ ಮುಗಿದ ಮೇಲೆ, ವರ್ಷಗಟ್ಟಲೆ ಅಲ್ಲೂ ಅಧಿಕಾರಿಗಳದ್ದೇ ಆಡಳಿತ.

ಅದಕ್ಕೇ ಇಲ್ಲಿನ ಕನ್ನಡಿಗರಿಗೆ ಒಂದು ಮಾತು: ರಾಜ್ಯೋತ್ಸವಕ್ಕೆ ಸೇರೋ ಹುರುಪಿನಲ್ಲೇ ನಿಮ್ಮ ಸೆಕ್ಟರ್‌ನ ನಿವಾಸಿಗಳ ಸಂಘದ ಸಭೆಗೂ ಹೋಗಿ. ಮತ ಇಲ್ಲದ ಕಡೆ ಮಾತಾದ್ರೂ ಇರಲಿ.