ಬಚ್ಚಲ ನೀರು ಮತ್ತು ಕಾಳಿ



ಕಾಳಿ ಹೊಳೆಯ ಮಾತು ಬಂದರೆ ನಾವು ಮಲ್ಲಾಪುರದವರು ಅದರ ಮೇಲ್ಭಾಗವನ್ನೇ ನೋಡುತ್ತೇವೆ. ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ. ಸ್ಥಾವರ ಬೇಡವೆಂದು ಸಾಹಿತಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು. ಆ ವಾದ ದೊಡ್ಡದು. ಇವತ್ತು ನನ್ನ ವಾದ ಹಿತ್ತಲದ್ದು: ನಮ್ಮ ಮನೆಯ ಕೊಳಕು ನೀರು ಎಲ್ಲಿಗೆ ಹೋಗುತ್ತದೆ?

‘ಸೆಪ್ಟಿಕ್ ಟ್ಯಾಂಕ್ ಇದೆಯಲ್ಲ’ ಎನ್ನುತ್ತಾರೆ. ನನ್ನ ತಕರಾರು ಆ ಮಾತಿನ ಮೇಲೇ. ಟ್ಯಾಂಕಿನಲ್ಲಿ ಗಟ್ಟಿ ತಳಕ್ಕೆ ಕೂರುತ್ತದೆ, ಜಿಡ್ಡು ತೇಲುತ್ತದೆ, ನಡುವಿನ ನೀರು ಹೊರಬೀಳುತ್ತದೆ. ಅರ್ಧದಷ್ಟಾದರೂ ಕೊಳೆ ಆ ನೀರಿನಲ್ಲಿ ಉಳಿದೇ ಇರುತ್ತದೆ, ರೋಗಾಣುಗಳೂ ಇರುತ್ತವೆ. ಅದನ್ನು ತೊಳೆಯಬೇಕಾದ್ದು ಆಚೆಯ ಮಣ್ಣು. ಇಂಗುಗುಂಡಿ ತೋಡದೆ ಪೈಪನ್ನು ಗಟಾರಕ್ಕೆ ಬಿಟ್ಟರೆ ಅದು ಹಳ್ಳಕ್ಕೆ, ಹಳ್ಳದಿಂದ ಕಾಳಿಗೆ. ಕೆಳಗೆ, ಕಾಳಿ ಸಮುದ್ರ ಸೇರುವಲ್ಲಿ ನಮ್ಮವರು ಬಳಚು ಚಿಪ್ಪು ಆರಿಸುತ್ತಾರೆ. ನೀರನ್ನು ಸೋಸಿಯೇ ಬದುಕುವ ಬಳಚಿನ ಮೈಯಲ್ಲಿ ಆ ರೋಗಾಣುಗಳೂ ಕೂಡಿಕೊಳ್ಳುತ್ತವೆ.

ನಮ್ಮ ವಿಜ್ಞಾನದ ಮಾಸ್ತರು ಒಮ್ಮೆ ತಳ ತೂತಾದ ಡಬ್ಬಿಗೆ ಜಲ್ಲಿ, ಮರಳು, ಮಣ್ಣು ತುಂಬಿ ಬಚ್ಚಲ ನೀರು ಹೊಯ್ದರು. ಕೆಳಗೆ ತಿಳಿನೀರು ತೊಟ್ಟಿಕ್ಕಿತು. ನಾವು ಚಪ್ಪಾಳೆ ತಟ್ಟಿದೆವು. ಒಬ್ಬ ಹುಡುಗ ಲೋಟ ಚಾಚಿದ. ಮಾಸ್ತರು ಅವನ ಕೈ ಹಿಡಿದು, ‘ತಿಳಿಯಾಗಿದೆ, ಶುದ್ಧವಾಗಿಲ್ಲ. ಇದು ಬಾಳೆಗೆ’ ಎಂದರು. ಬಚ್ಚಲ ಹಿಂದೆ ಬಾಳೆ, ಕೆಸುವು ನೆಟ್ಟ ನಮ್ಮ ಅಜ್ಜಿಯರಿಗೆ ಆ ಪಾಠ ಮೊದಲೇ ಗೊತ್ತಿತ್ತು.

ಶೌಚಕ್ಕೆ ಜೋಡಿಗುಂಡಿ ನನಗೆ ಮೆಚ್ಚು. ಒಂದು ತುಂಬಿದರೆ ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರಾಯಿತು. ಎರಡು ವರ್ಷದಲ್ಲಿ ಮೊದಲಿನದು ಗೊಬ್ಬರ.

ಆದರೆ ‘ತಿಳಿಯಾಗಿದೆ, ಶುದ್ಧವಾಗಿಲ್ಲ’ ಎಂಬ ಮಾಸ್ತರ ಮಾತು ನನ್ನನ್ನು ಬಿಟ್ಟಿಲ್ಲ. ಆಷಾಢದಲ್ಲಿ ಬಾವಿಯ ನೀರು ಕೈಗೆಟುಕುವಾಗ ಇಂಗುಗುಂಡಿ ಯಾವ ಮಣ್ಣಿಗೆ ಇಂಗಿಸೀತು? ತೂತುತೂತಾದ ಚಿರೇಕಲ್ಲು ಕೊಳೆಯನ್ನು ತಡೆದೀತೇ, ಪಕ್ಕದ ಬಾವಿಗೇ ದಾಟಿಸೀತೇ? 2019ರ ಆಗಸ್ಟಿನಲ್ಲಿ ಕದ್ರಾದ ಗೇಟು ತೆರೆದು ಕಾಳಿ ಮನೆಗಳಿಗೇ ನುಗ್ಗಿದಾಗ ಗುಂಡಿ ಯಾವುದು, ಹೊಳೆ ಯಾವುದು? ಹೊಳೆಯನ್ನು ಉಳಿಸಲು ಹೋಗಿ ಬಾವಿಯನ್ನು ಕೆಡಿಸುತ್ತೇವೆಯೇ? ಮನೆಗೊಂದು ಗುಂಡಿ ಸಾಕೇ, ಎತ್ತರದ ಜಾಗದಲ್ಲಿ ಕೇರಿಗೊಂದು ಶುದ್ಧೀಕರಣ ಘಟಕ ಬೇಕೇ? ಬೇಸಿಗೆಯಲ್ಲಿ ಗುಂಡಿಯ ಪರ ವಾದಿಸುವ ನಾನು ಮಳೆಗಾಲದಲ್ಲಿ ಅನುಮಾನಿಸುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ಅನುಮಾನವಿಲ್ಲ: ಗಟಾರಕ್ಕೆ ಬಿಟ್ಟ ಪೈಪು ತಪ್ಪು. ಮನೆಗೆ ಹೋದ ಮೇಲೆ ದಯವಿಟ್ಟು ಹಿತ್ತಲಿಗೆ ಹೋಗಿ, ನಿಮ್ಮ ಪೈಪು ಎಲ್ಲಿ ಬಾಯಿ ಬಿಟ್ಟಿದೆ ಎಂದು ನೋಡಿ.