ಬೀದಿನಾಯಿಗಳ ಸಮಸ್ಯೆ ಮತ್ತು ನಮ್ಮ ಹೊಣೆ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಣ ಸಂಸ್ಥೆಯ ಸಭೆಯಲ್ಲಿ ಬೀದಿನಾಯಿಗಳ ಬಗ್ಗೆ ಮಾತೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಬೆಳಕು ಹರಿಯುವ ಹೊತ್ತಿಗೆ ಕಿತಾಬು ಎದೆಗವಚಿಕೊಂಡು ಮದ್ರಸಕ್ಕೆ ನಡೆದುಹೋಗುವವರು ನಮ್ಮ ಮಕ್ಕಳು. ಪುತ್ತೂರು ಪೇಟೆಯಿರಲಿ, ಸುಳ್ಯವಿರಲಿ, ಕಡಬವಿರಲಿ, ಆ ಹೊತ್ತಿನಲ್ಲಿ ರಸ್ತೆ ನಾಯಿಗಳದ್ದೇ. ಹುಚ್ಚುನಾಯಿ ಎಂದು ಶಂಕಿಸಲಾದ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮನುಷ್ಯರಿಗೆ ತಗಲುವ ರೇಬೀಸ್‌ನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುವಂಥದ್ದು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ದೊರೆತರೆ ಈ ರೋಗವನ್ನು ತಡೆಯಬಹುದು.

ಹಾಗಾದರೆ ನಾಯಿಗಳನ್ನು ಕೊಂದುಬಿಟ್ಟರಾಯಿತಲ್ಲ ಎನ್ನುವವರಿದ್ದಾರೆ. 2007ರಲ್ಲಿ ಬೆಂಗಳೂರಿನಲ್ಲಿ ಇಬ್ಬರು ಮಕ್ಕಳು ಬೀದಿನಾಯಿಗಳಿಗೆ ಬಲಿಯಾದಾಗ ಜನ ರೊಚ್ಚಿಗೆದ್ದರು, ನಾಯಿಗಳನ್ನು ಹಿಡಿದು ಕೊಲ್ಲುವ ಕೆಲಸವೂ ನಡೆಯಿತು. 2019ರ ಎಣಿಕೆಯಲ್ಲಿ ಅದೇ ನಗರದಲ್ಲಿ ಸುಮಾರು 3.10 ಲಕ್ಷ ನಾಯಿಗಳಿದ್ದವು. 2021ರಲ್ಲಿ ಭದ್ರಾವತಿ ತಾಲೂಕಿನ ಒಂದು ಗ್ರಾಮದಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಹೂತುಹಾಕಿದ ಪ್ರಕರಣದಲ್ಲಿ ಬಂಧನಗಳಾದವು. ಕೊಲ್ಲುವುದು ಕಾನೂನಿಗೆ ವಿರುದ್ಧ. ಅಷ್ಟೇ ಅಲ್ಲ, ಅದರಿಂದ ಪ್ರಯೋಜನವೂ ಇಲ್ಲ. ಒಂದು ಬೀದಿಯ ನಾಯಿಗಳನ್ನು ತೆಗೆದರೂ ಅಲ್ಲಿನ ಕಸದ ರಾಶಿ ಉಳಿಯುತ್ತದೆ. ಆಹಾರವಿದ್ದಲ್ಲಿಗೆ ಪಕ್ಕದ ಊರಿನ ನಾಯಿಗಳು ಬರುತ್ತವೆ. ಅವುಗಳಿಗೆ ಲಸಿಕೆಯೂ ಆಗಿರುವುದಿಲ್ಲ.

ಸರಿಯಾದ ದಾರಿ ಸಂತಾನಹರಣ ಮತ್ತು ಲಸಿಕೆ. ಇದಕ್ಕಾಗಿ 2001ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. 2023ರಲ್ಲಿ ಅದರ ಬದಲಿಗೆ ಹೊಸ ನಿಯಮಗಳು ಬಂದವು. ಜವಾಬ್ದಾರಿ ಸ್ಥಳೀಯ ಸಂಸ್ಥೆಗಳದ್ದು. ನಾಯಿಯನ್ನು ಹಿಂಸೆಯಿಲ್ಲದೆ ಹಿಡಿದು, ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಕಿವಿಯಲ್ಲಿ ಗುರುತು ಮಾಡಿ, ಗಾಯ ಮಾಯುವ ತನಕ ಆರೈಕೆ ಮಾಡಿ, ಹಿಡಿದ ಜಾಗದಲ್ಲೇ ಬಿಡಬೇಕು. ಮತ್ತೆ ಅಲ್ಲೇ ಯಾಕೆ ಎಂದು ಕೇಳುವವರಿಗೆ ಉತ್ತರವಿದೆ. ಆ ನಾಯಿ ತನ್ನ ಜಾಗಕ್ಕೆ ಹೊರಗಿನ ನಾಯಿ ಬರದಂತೆ ಕಾಯುತ್ತದೆ, ಆದರೆ ಮರಿ ಹಾಕುವುದಿಲ್ಲ. ಮರಿಗಳ ಕಾವಲಿಗೆ ಮೈಮೇಲೆ ಬೀಳುವ ತಾಯಿನಾಯಿಗಳು, ಬೆದೆಯ ಕಾಲದ ಹಿಂಡುಗಳ ಕಾದಾಟ, ಎರಡೂ ಕಡಿಮೆಯಾಗುತ್ತವೆ.

ಅದೇ ಬೆಂಗಳೂರಿನಲ್ಲಿ 2023ರಲ್ಲಿ ಮತ್ತೆ ಎಣಿಸಿದಾಗ ನಾಯಿಗಳ ಸಂಖ್ಯೆ ಸುಮಾರು 2.79 ಲಕ್ಷಕ್ಕೆ ಇಳಿದಿತ್ತು. ಸಂತಾನಹರಣವಾದವುಗಳ ಪ್ರಮಾಣ ಸುಮಾರು ಅರ್ಧದಿಂದ ನೂರಕ್ಕೆ 71ಕ್ಕೆ ಏರಿತ್ತು. ನೆರೆಯ ಗೋವಾದಲ್ಲಿ ವರ್ಷ ವರ್ಷವೂ ನಾಯಿಗಳಿಗೆ ಸಾಮೂಹಿಕ ಲಸಿಕೆ ಹಾಕಿ, ಶಾಲೆಗಳಲ್ಲಿ ಮಕ್ಕಳಿಗೆ ತಿಳಿವಳಿಕೆ ಕೊಟ್ಟರು. 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು. ಮಂಗಳೂರಿನಲ್ಲೂ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಈ ಕೆಲಸ ಮಾಡಿದೆ.

ಪುತ್ತೂರಿನ ನಗರಸಭೆ, ಸುಳ್ಯ ಮತ್ತು ಕಡಬದ ಪಟ್ಟಣ ಪಂಚಾಯತ್‌ಗಳು ತಾವು ತಾವೇ ಬೇರೆ ಬೇರೆ ಕೇಂದ್ರ ಕಟ್ಟುವುದು ಸುಲಭವಲ್ಲ. ಪೇಟೆಯ ಹತ್ತು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಪಕ್ಕದ ಗ್ರಾಮವನ್ನು ಬಿಟ್ಟರೆ ಫಲವೂ ಇಲ್ಲ. ನಾಯಿಗೆ ಪಂಚಾಯತ್‌ನ ಗಡಿ ಗೊತ್ತಿಲ್ಲ. ಆದ್ದರಿಂದ ಮೂರೂ ಸೇರಿ, ಸುತ್ತಲಿನ ಗ್ರಾಮ ಪಂಚಾಯತ್‌ಗಳನ್ನು ಕೂಡಿಸಿಕೊಂಡು, ಒಂದು ಕೇಂದ್ರ ಮತ್ತು ಒಂದು ವಾಹನ ಹೊಂದುವಂತೆ ನಾವು ಮನವಿ ಮಾಡಬೇಕು. ಒಂದು ಪ್ರದೇಶದಲ್ಲಿ ನೂರಕ್ಕೆ 70 ನಾಯಿಗಳನ್ನಾದರೂ ಬೇಗ ಮುಗಿಸಿ ಇನ್ನೊಂದಕ್ಕೆ ಹೋಗಬೇಕು.

ಆದರೆ ಎಲ್ಲವನ್ನೂ ಸರ್ಕಾರದ ಮೇಲೆ ಹೊರಿಸಿ ನಾವು ಸುಮ್ಮನಿರುವಂತಿಲ್ಲ. ನಮ್ಮಲ್ಲಿ ಕೋಳಿ, ಮೀನು, ಮಾಂಸದ ವ್ಯಾಪಾರಿಗಳಿದ್ದಾರೆ. ರಾತ್ರಿ ಹೊಳೆಬದಿಗೋ ರಸ್ತೆಯ ತಿರುವಿಗೋ ಎಸೆದ ತ್ಯಾಜ್ಯದ ಚೀಲ ಎಷ್ಟು ನಾಯಿಗಳನ್ನು ಸಾಕುತ್ತದೆ, ಯೋಚಿಸಿ. ಮದುವೆ ಹಾಲ್‌ನ ಹಿಂದಿನ ಎಂಜಲೆಲೆ, ಬಕ್ರೀದ್‌ನ ದಿನ ಸರಿಯಾಗಿ ಹೂಳದ ಅವಶೇಷ, ಇವೂ ಅಷ್ಟೇ. ತೋಟ ಕಾಯಲು ನಾಯಿ ಸಾಕಿ, ಹೆಣ್ಣುಮರಿಗಳನ್ನು ಗೋಣಿಯಲ್ಲಿ ತಂದು ಪೇಟೆಯ ಬದಿ ಬಿಡುವ ಪದ್ಧತಿಯೂ ನಮ್ಮ ಸೀಮೆಯಲ್ಲಿದೆ. ಇದು ಎಲ್ಲ ಸಮುದಾಯದವರಿಗೂ ಅನ್ವಯಿಸುವ ಮಾತು.

ನಾಯಿಯ ಜೊಲ್ಲು ನಜಸ್, ತಾಗಿದರೆ ಏಳು ಸಲ ತೊಳೆಯಬೇಕು, ಒಮ್ಮೆ ಮಣ್ಣು ಬೆರೆಸಿದ ನೀರಿನಿಂದ ಎಂದು ಶಾಫಿಈ ಮದ್‌ಹಬ್‌ನ ನಾವೆಲ್ಲ ಮದ್ರಸದಲ್ಲೇ ಕಲಿತಿದ್ದೇವೆ. ಅದು ಶುದ್ಧಿಯ ನಿಯಮ, ದ್ವೇಷದ ಅಪ್ಪಣೆಯಲ್ಲ. ಬಾಯಾರಿ ನಾಲಗೆ ಚಾಚಿದ್ದ ನಾಯಿಗೆ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತುಂಬಿ ತಂದು ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದ ಸಂಗತಿಯನ್ನು ಪ್ರವಾದಿವರ್ಯರು (ಸ) ಹೇಳಿದ್ದು ಬುಖಾರಿಯಲ್ಲಿದೆ. ಗುಹಾವಾಸಿಗಳ ಜೊತೆಗಿದ್ದ ನಾಯಿಯ ಉಲ್ಲೇಖ ಸೂರಃ ಅಲ್ ಕಹ್ಫ್‌ನಲ್ಲಿದೆ. ವಿಷ ಹಾಕಿ ನರಳಿಸುವುದಕ್ಕೆ ನಮ್ಮ ದೀನ್‌ನಲ್ಲಿ ಎಡೆಯೆಲ್ಲಿ?

ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು. ನಾಯಿ ಕಂಡರೆ ಓಡಬೇಡಿ, ಕಲ್ಲು ಎಸೆಯಬೇಡಿ, ಮರಿಗಳ ಹತ್ತಿರ ಹೋಗಬೇಡಿ. ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ ಪೆಟ್ಟು ಬೀಳುತ್ತದೆಂದು ಮನೆಯಲ್ಲಿ ಮುಚ್ಚಿಡಬೇಡಿ. ಪೋಷಕರೇ, ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಮೆಣಸಿನ ಪುಡಿ, ಸುಣ್ಣ, ಮಣ್ಣು ಯಾವುದನ್ನೂ ಗಾಯಕ್ಕೆ ಹಚ್ಚಬೇಡಿ. ಪ್ರಾಣ ಉಳಿಸುವುದು ಮೊದಲು, ಶುದ್ಧಿಯ ಸಂಶಯವನ್ನು ಆಮೇಲೆ ಉಸ್ತಾದರಲ್ಲಿ ಕೇಳಿ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಗಾಯ ಆಳವಿದ್ದರೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಕೂಡ ಬೇಕು. ಒಂದು ಚುಚ್ಚುಮದ್ದು ಹಾಕಿಸಿ ನೋವು ಹೋಯಿತೆಂದು ನಿಲ್ಲಿಸಬೇಡಿ, ವೈದ್ಯರು ಹೇಳಿದ ಅಷ್ಟೂ ದಿನಗಳಂದು ಹೋಗಿ.

ಸಂಸ್ಥೆ ನಡೆಸುವವರು 2025ರ ನವೆಂಬರ್ 7ರ ಸುಪ್ರೀಂ ಕೋರ್ಟ್ ಆದೇಶವನ್ನು ತಿಳಿದಿರಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣಕ್ಕೆ ನಾಯಿಗಳು ನುಗ್ಗದಂತೆ ಬೇಲಿ ಇರಬೇಕು, ಅಲ್ಲಿಂದ ಹಿಡಿದವನ್ನು ಸಂತಾನಹರಣ ಮತ್ತು ಲಸಿಕೆಯ ನಂತರ ಆಶ್ರಯತಾಣಕ್ಕೆ ಸೇರಿಸಬೇಕು, ಅದೇ ಆವರಣಕ್ಕೆ ಮರಳಿ ಬಿಡಬಾರದು ಎಂದು ಅದು ಹೇಳಿತು. ನಮ್ಮ ಶಾಲೆಗಳ ಆವರಣ ಗೋಡೆ, ಗೇಟು, ಬಿಸಿಯೂಟದ ಕಸದ ತೊಟ್ಟಿಯನ್ನು ಮೊದಲು ನೋಡೋಣ.

ಈ ಸಂಘ ಮೂರು ಕೆಲಸಗಳನ್ನು ಕೈಗೆತ್ತಿಕೊಳ್ಳಲಿ ಎಂದು ವಿನಂತಿಸುತ್ತೇನೆ. ಮೂರು ಪಟ್ಟಣಗಳ ಆಡಳಿತಕ್ಕೆ ಜಂಟಿ ಮನವಿ. ಪ್ರತಿ ಜಮಾಅತ್‌ನಲ್ಲಿ ತ್ಯಾಜ್ಯದ ಕುರಿತು ಜುಮಾದ ದಿನ ಖತೀಬರಿಂದ ಒಂದು ಮಾತು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದಂದು ನಮ್ಮ ಪ್ರತಿ ಶಾಲೆಯಲ್ಲಿ ವೈದ್ಯರಿಂದ ಒಂದು ತರಗತಿ. ಇದಕ್ಕೆ ದೊಡ್ಡ ಖರ್ಚಿಲ್ಲ, ಮನಸ್ಸು ಬೇಕು.

ಅಲ್ಲಾಹನು ನಮ್ಮ ಮಕ್ಕಳನ್ನು ಕಾಪಾಡಲಿ, ಮೂಕಪ್ರಾಣಿಗಳ ಮೇಲೆ ದಯೆ ತೋರುವ ಮನಸ್ಸನ್ನು ನಮಗೆಲ್ಲ ಕರುಣಿಸಲಿ, ಆಮೀನ್. ವಸ್ಸಲಾಮ್.