ಕೂಸಿನ ಚಾಳೀಸು

ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ, ನವರಾತ್ರಿಯ ಕಾರಣಿಕದ ದಿನ, ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಬಿಲ್ಲೇರಿ ಭವಿಷ್ಯ ನುಡಿಯುವ ಗೊರವಯ್ಯನನ್ನು ತೋರಿಸುತ್ತೇವೆ. ಹೆಗಲ ಮೇಲಿನ ಕೂಸಿಗೆ ಎಲ್ಲ ಮಬ್ಬಾಗಿ ಕಂಡರೂ ಅದು ಹೇಳುವುದಿಲ್ಲ; ಲೋಕವೇ ಹಾಗೆ ಎಂದುಕೊಂಡಿರುತ್ತದೆ.

ಎರಡು ವರ್ಷದ ಮಗುವಿಗೆ ವೈದ್ಯರು ಚಾಳೀಸು ಬರೆದುಕೊಟ್ಟರೆ ಮನೆಯ ಹಿರಿಯರು, ‘ಇಷ್ಟು ಸಣ್ಣ ಕೂಸಿಗೆ ಯಾಕವ್ವಾ? ಮುಂದ ನೋಡೋಣು’ ಎನ್ನುತ್ತಾರೆ. ದಯವಿಟ್ಟು ಮುಂದೂಡಬೇಡಿ. ಸ್ಪಷ್ಟ ಚಿತ್ರ ಕೊಡದ ಕಣ್ಣನ್ನು ಮಿದುಳು ಬರಬರುತ್ತಾ ಲೆಕ್ಕಕ್ಕೇ ಹಿಡಿಯುವುದಿಲ್ಲ. ಏಳೆಂಟು ವರ್ಷ ದಾಟಿದ ಮೇಲೆ ಅದನ್ನು ಸರಿಪಡಿಸುವುದು ಬಲು ಕಷ್ಟ.

ಮಗು ಚಾಳೀಸು ಕಿತ್ತೆಸೆದರೆ ಗದರಬೇಡಿ. ಮೂಗಿನ ಮೇಲೆ ಕೆಂಪು ಗುರುತು ಬಿದ್ದಿದೆಯೇ, ಕಿವಿಯ ಹಿಂದೆ ಒತ್ತುತ್ತಿದೆಯೇ ನೋಡಿ. ಅಂಗಡಿಯಲ್ಲಿ ಫ್ರೇಮು ಸರಿಮಾಡಿಸಿ. ತಲೆಯ ಹಿಂದೆ ಕಟ್ಟುವ ಮೆತ್ತನೆಯ ಪಟ್ಟಿಯೂ ಸಿಗುತ್ತದೆ. ಉಣಿಸುವಾಗ, ಚಿತ್ರದ ಪುಸ್ತಕ ತೋರಿಸುವಾಗ ಹಾಕಿ. ತೆಗೆದರೆ ಸುಮ್ಮನೆ ಮತ್ತೆ ಹಾಕಿ. ಅಜ್ಜನೂ ತನ್ನ ಚಾಳೀಸು ಏರಿಸಿಕೊಂಡು ಜೊತೆಗೆ ಕೂತರೆ ಇನ್ನೂ ಚೆಂದ. ಗೋಡೆಯ ಮೇಲಿನ ಇರುವೆಸಾಲನ್ನು ಬೆರಳು ಮಾಡಿ ತೋರಿಸತೊಡಗಿದ ಕೂಸು, ಬೆಳಿಗ್ಗೆ ಎದ್ದಕೂಡಲೇ ಚಾಳೀಸು ಹುಡುಕುವ ದಿನವೂ ಬರುತ್ತದೆ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಆರೋಗ್ಯ ತಪಾಸಣೆಗೆ ಅಂಗನವಾಡಿಗೇ ಬರುತ್ತದೆ. ಆ ದಿನ ಮಗುವನ್ನು ತಪ್ಪದೆ ಕರೆದೊಯ್ಯಿರಿ. ಕಣ್ಣನ್ನೂ ನೋಡಿ ಎಂದು ಬಾಯಿಬಿಟ್ಟು ಕೇಳಿ.